ಹಾಸನ ಸೀಮೆಯಲ್ಲಿ ಗೃಹೋಚ್ಛ್ರಾಯದ ಮರ್ಯಾದೆ

ಮನೆಯ ಎತ್ತರಕ್ಕೆ ಮಿತಿಯನ್ನು ಕಟ್ಟುವುದು ಮಹಾನಗರಗಳ ಇಕ್ಕಟ್ಟಿನಿಂದ ಹುಟ್ಟಿದ ನವೀನ ವಿಚಾರವೆಂದೂ, ಹಳ್ಳಿಗಾಡಿನ ಗೃಹಸ್ಥನು ತನ್ನ ನೆಲದ ಮೇಲೆ ತನಗೆ ಶಕ್ತಿಯಿದ್ದಷ್ಟು ಎತ್ತರಕ್ಕೆ ಕಟ್ಟಿಕೊಳ್ಳುವುದಕ್ಕೆ ಪೂರ್ವಕಾಲದಲ್ಲಿ ಯಾವ ಅಡ್ಡಿಯೂ ಇರಲಿಲ್ಲವೆಂದೂ ಬಹುಜನರು ಭಾವಿಸಿರುವರು. ಈ ಭಾವನೆಯಲ್ಲಿ ಅರ್ಧಾಂಶವೂ ಸತ್ಯವಿಲ್ಲ. ಎತ್ತರಕ್ಕೆ ಮರ್ಯಾದೆಯು ನಮ್ಮ ದೇಶದಲ್ಲಿ ಎಂದಿನಿಂದಲೂ ಇದ್ದಿತು. ಕಾಲಕಾಲಕ್ಕೆ ಬದಲಾದುದು ಮಿತಿಯಲ್ಲ, ಮಿತಿಯನ್ನು ಅಳೆಯುವ ನೂಲಿನ ತುದಿಯನ್ನು ಎಲ್ಲಿ ಹಿಡಿಯಬೇಕೆಂಬ ನಿರ್ಣಯ. ವಾಸ್ತುಶಾಸ್ತ್ರವು ಆ ತುದಿಯನ್ನು ಮನೆಯ ಅಗಲದಲ್ಲಿಯೇ ಹಿಡಿಯಿತು. ಧರ್ಮಶಾಸ್ತ್ರವು ನೆರೆಯವನ ಗೋಡೆಯಲ್ಲಿ ಹಿಡಿಯಿತು. ಇಂದಿನ ಪುರಸಭೆಗಳ ಉಪವಿಧಿಗಳು ಬೀದಿಯಲ್ಲಿ ಹಿಡಿಯುತ್ತವೆ. ಪ್ರಾಚೀನ ಸ್ಮಾರಕಗಳ ಕಾಯಿದೆಯು ದೇವಾಲಯದ ಎಲ್ಲೆಗಲ್ಲಿನಲ್ಲಿ ಹಿಡಿಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಈ ಅಳತೆಗಳೆಲ್ಲವೂ ಒಂದರ ಮೇಲೊಂದು ಬಂದು ಕುಳಿತಿರುವುದರಿಂದ ಅವುಗಳ ತಾರತಮ್ಯವನ್ನು ವಿಚಾರಿಸುವುದಕ್ಕೆ ಈ ಸೀಮೆಗಿಂತ ಅನುಕೂಲವಾದ ಕ್ಷೇತ್ರವು ದೊರೆಯುವುದು ದುರ್ಲಭ.

ಮೊದಲ ಸಾಕ್ಷಿ ಕನ್ನಡದ ಶಬ್ದಗಳೇ. ಮನೆಯ ಅಂತಸ್ತಿಗೆ ಹಳಗನ್ನಡದಲ್ಲಿ ‘ನೆಲೆ’ ಎಂದು ಹೆಸರು. ಏಳು ನೆಲೆಯ ಮಾಡವೆಂಬುದು ಅರಮನೆಯ ವರ್ಣನೆಯಲ್ಲಿ ರೂಢವಾಗಿ ಬರುವ ಮಾತು. ‘ಉಪ್ಪರಿಗೆ’ಯು ಉಪರಿ ಶಬ್ದದ ಸಂಬಂಧವುಳ್ಳದ್ದು, ‘ಮಾಳಿಗೆ’ಯು ಮಾಲಿಕಾ ಶಬ್ದದ ತದ್ಭವ. ಕಾವ್ಯದಲ್ಲಿ ಅಂತಃಪುರಸ್ತ್ರೀಯರು ವಿಹರಿಸುವ ಈ ಮಾಳಿಗೆಯು ಬಯಲುಸೀಮೆಯ ಬಳಕೆಯಲ್ಲಿ ಮಣ್ಣು ಮುಚ್ಚಿದ ಚಪ್ಪಟೆ ಮೇಲ್ಛಾವಣಿಯ ಒಂದೇ ಅಂತಸ್ತಿನ ಮನೆಗೆ ಹೆಸರಾಗಿ ನಿಂತಿತು. ‘ಅಟ್ಟ’ದ ಚರಿತ್ರೆಯು ಇದಕ್ಕಿಂತಲೂ ವಿನೋದಕರವಾದುದು. ಸಂಸ್ಕೃತದಲ್ಲಿ ಅಟ್ಟ, ಅಟ್ಟಾಲಕ ಎಂಬುವು ಕೋಟೆಯ ಪ್ರಾಕಾರದ ಮೇಲೆ ಶತ್ರುಗಳನ್ನು ಕಾಯುವುದಕ್ಕಾಗಿ ಕಟ್ಟಿದ ಉನ್ನತವಾದ ಗೃಹಗಳು. ನಮ್ಮ ಹಳ್ಳಿಯ ಅಟ್ಟವಾದರೋ ಅಡಿಗೆಮನೆಯ ಮೇಲೆ, ತಲೆ ಬಗ್ಗಿಸಿಯೇ ಹೋಗಬೇಕಾದ, ಬಿತ್ತನೆಯ ಬೀಜವನ್ನೂ ತೆಂಗಿನಕಾಯಿಗಳನ್ನೂ ಹಳೆಯ ಪಾತ್ರೆಗಳನ್ನೂ ಇಡುವ ಸ್ಥಳ. ಬುರುಜಿನಿಂದ ಒಲೆಯ ಮೇಲಕ್ಕೆ ಇಳಿದುಬಂದ ಈ ಶಬ್ದವು ಸಾಮಾನ್ಯ ಗೃಹಸ್ಥನ ಮನೆಯಲ್ಲಿ ಮೇಲಂತಸ್ತು ವಾಸಕ್ಕಾಗಿ ಇರಲಿಲ್ಲ, ದಾಸ್ತಾನಿಗಾಗಿ ಇದ್ದಿತೆಂಬುದನ್ನು ಸೂಚಿಸುತ್ತದೆ.

ಹೀಗಿರುವುದಕ್ಕೆ ಕಾರಣವು ಬಹುಮಟ್ಟಿಗೆ ಮಣ್ಣು ಮತ್ತು ಮಳೆ. ಈ ಜಿಲ್ಲೆಯ ಪಶ್ಚಿಮಭಾಗವು ಮಲೆನಾಡು. ಪೂರ್ವಕ್ಕೆ ಸರಿದಂತೆಲ್ಲ ಮಳೆ ಕಡಮೆಯಾಗುತ್ತ ಚನ್ನರಾಯಪಟ್ಟಣದ ವೇಳೆಗೆ ಅಚ್ಚ ಮೈದಾನವಾಗುತ್ತದೆ. ಅರಕಲಗೂಡು ಇವೆರಡರ ನಡುವೆ ಕೊಡಗಿನ ಗಡಿಯನ್ನು ಮುಟ್ಟಿಕೊಂಡಿದೆ. ಮಳೆ ಹೆಚ್ಚಾದಲ್ಲಿ ಮಾಡು ಕಡಿದಾಗಿ ಇಳಿಯಬೇಕು, ಸೂರು ಗೋಡೆಯನ್ನು ಮುಚ್ಚುವಷ್ಟು ಮುಂದಕ್ಕೆ ಚಾಚಬೇಕು. ಮಣ್ಣಿನ ಗೋಡೆ ಎತ್ತರವಾದಷ್ಟೂ ಸೂರು ಅದನ್ನು ಕಾಪಾಡಲಾರದು. ಮಳೆ ಕಡಮೆಯಾದಲ್ಲಿ ಮಾಡು ಚಪ್ಪಟೆಯಾಗಬಹುದು. ಆದರೆ ಛಾವಣಿಯ ಮಣ್ಣಿನ ಭಾರವನ್ನು ಹೊರುವ ಗೋಡೆಯು ದಪ್ಪವಾಗಿಯೇ ಇರಬೇಕು, ಅದರ ಮೇಲೆ ಮತ್ತೊಂದು ನೆಲೆಯನ್ನು ಹೊರಿಸುವುದು ಸುಲಭವಲ್ಲ. ಸಿಮೆಂಟು ಉಕ್ಕುಗಳು ಬರುವವರೆಗೆ ಹಳ್ಳಿಯ ಮನೆಗೆ ಎತ್ತರದ ಮಿತಿಯನ್ನು ಯಾವ ಅಧಿಕಾರಿಯೂ ವಿಧಿಸಬೇಕಾಗಿರಲಿಲ್ಲ.

ಇನ್ನು ಶಾಸ್ತ್ರವನ್ನು ನೋಡಬೇಕು. ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಗೃಹೋಚ್ಛ್ರಾಯಕ್ಕೆ, ಎಂದರೆ ಮನೆಯ ಎತ್ತರಕ್ಕೆ, ಒಂದು ಸೂತ್ರವನ್ನು ಹೇಳಿರುವನು. ಮನೆಯ ಅಗಲದ ಹದಿನಾರನೆಯ ಒಂದು ಪಾಲಿಗೆ ನಾಲ್ಕು ಹಸ್ತಗಳನ್ನು ಸೇರಿಸಿದರೆ ಮೊದಲ ನೆಲೆಯ ಎತ್ತರವು ಬರುವುದು. ಅದರ ಮೇಲಣ ಪ್ರತಿಯೊಂದು ನೆಲೆಯೂ ಕೆಳಗಿನದಕ್ಕಿಂತ ಹನ್ನೆರಡನೆಯ ಒಂದು ಪಾಲು ಕಡಮೆಯಾಗುತ್ತ ಹೋಗಬೇಕು. ಹಸ್ತವೆಂದರೆ ಇಪ್ಪತ್ತನಾಲ್ಕು ಅಂಗುಲ, ಸ್ಥೂಲವಾಗಿ ಒಂದೂವರೆ ಅಡಿ. ಅದೇ ಅಧ್ಯಾಯದಲ್ಲಿ ಮನೆಗಳ ಅಗಲವೂ ಹೇಳಲ್ಪಟ್ಟಿದೆ. ರಾಜನ ಉತ್ತಮಗೃಹಕ್ಕೆ ೧೦೮ ಹಸ್ತ. ಸಾಮಾನ್ಯ ಗೃಹಗಳಿಗೆ ವರ್ಣಾನುಸಾರವಾಗಿ ೩೨ ಹಸ್ತದಿಂದ ನಾಲ್ಕು ನಾಲ್ಕಾಗಿ ಇಳಿದು ೧೬ ಹಸ್ತದವರೆಗೆ.

ಈ ಎರಡನ್ನೂ ಸೇರಿಸಿ ಗಣಿತ ಮಾಡಿದರೆ ಗಮನಾರ್ಹವಾದ ಫಲವೊಂದು ಹೊರಬೀಳುತ್ತದೆ. ೧೦೮ ಹಸ್ತ ಅಗಲದ ಅರಮನೆಯ ಮೊದಲ ನೆಲೆಯ ಎತ್ತರ ೧೦¾ ಹಸ್ತ. ೩೨ ಹಸ್ತದ ಮನೆಯದು ೬ ಹಸ್ತ. ೧೬ ಹಸ್ತದ ಕನಿಷ್ಠಗೃಹದ್ದು ೫ ಹಸ್ತ, ಎಂದರೆ ಏಳೂವರೆ ಅಡಿ. ಅಗಲದಲ್ಲಿ ಅರಮನೆಯು ಕನಿಷ್ಠಗೃಹದ ಆರೂಮುಕ್ಕಾಲು ಪಾಲು ದೊಡ್ಡದು. ಎತ್ತರದಲ್ಲಿ ಎರಡು ಪಾಲಿಗಿಂತ ಸ್ವಲ್ಪ ಮಾತ್ರ ಹೆಚ್ಚು. ನೆಲದ ವಿಸ್ತಾರದಲ್ಲಿ ಪದವಿಭೇದವನ್ನು ಧಾರಾಳವಾಗಿ ಒಪ್ಪಿದ ಶಾಸ್ತ್ರಕಾರನು ಎತ್ತರದಲ್ಲಿ ಅದನ್ನು ಬಿಗಿಯಾಗಿ ಹಿಡಿದಿರುವನು. ಇದಕ್ಕೆ ಕಾರಣ ಸೂತ್ರದೊಳಗಿನ ‘ನಾಲ್ಕು ಹಸ್ತ’ವೆಂಬ ಸ್ಥಿರಾಂಶ. ನಾಲ್ಕು ಹಸ್ತವು ಪ್ರಾಚೀನ ಮಾನದಲ್ಲಿ ದಂಡ. ಕೌಟಿಲ್ಯನು ಅದಕ್ಕೆ ಪೌರುಷವೆಂಬ ಹೆಸರನ್ನೂ ಹೇಳುವನು. ಅರಸನಾಗಲಿ ಕೃಷಿಕನಾಗಲಿ ಒಂದು ಆಳುದ್ದವು ಎಲ್ಲರಿಗೂ ಸಮಾನವಾಗಿ ಮೊದಲೇ ಸಲ್ಲುತ್ತದೆ. ಅಗಲದ ಮೇಲೆ ಬರುವುದು ಉಳಿದುದು ಮಾತ್ರ. ಮತ್ತೂ ಒಂದು ಸೂಕ್ಷ್ಮವುಂಟು. ಸುಟ್ಟ ಇಟ್ಟಿಗೆಯ ಮನೆಗೆ ಗೋಡೆಯ ದಪ್ಪವು ಅಗಲದ ಹದಿನಾರನೆಯ ಒಂದು ಪಾಲೆಂದೂ ಮರದ ಮನೆಗೆ ಈ ನಿಯಮವಿಲ್ಲವೆಂದೂ ಅಲ್ಲಿಯೇ ಉಕ್ತವಾಗಿದೆ. ಆದುದರಿಂದ ಇಟ್ಟಿಗೆಯ ಮನೆಯ ಎತ್ತರವೆಂದರೆ ಒಂದು ಆಳುದ್ದ ಮತ್ತು ಅದರ ಗೋಡೆಯ ದಪ್ಪ, ಇವೆರಡರ ಮೊತ್ತವೇ. ಗೋಡೆ ದಪ್ಪವಾದಷ್ಟೇ ಮನೆ ಎತ್ತರವಾಗಲೆಂಬ ಕೆಲಸಗಾರನ ಅನುಭವವು ಇಲ್ಲಿ ಶ್ಲೋಕರೂಪವನ್ನು ತಾಳಿದೆಯೆಂದು ಊಹಿಸುವುದಕ್ಕೆ ಅವಕಾಶವಿದೆ.

ಮಾನಸಾರದ ಕ್ರಮವು ಬೇರೆ. ಅಲ್ಲಿ ಒಂದರಿಂದ ಹನ್ನೆರಡರವರೆಗೆ ನೆಲೆಗಳ ವಿಮಾನಗಳು ಒಂದೊಂದಾಗಿ ವಿವರಿಸಲ್ಪಟ್ಟಿವೆ. ಎತ್ತರವು ಅಗಲಕ್ಕೆ ಸಮನಾದಾಗ ಶಾಂತಿಕವೆಂದು ಮೊದಲಾಗಿ, ಇಮ್ಮಡಿಯಾದಾಗ ಸಾರ್ವಕಾಮಿಕವೆಂಬವರೆಗೆ ಐದು ಬಗೆಯ ಪ್ರಮಾಣಗಳು ಹೇಳಲ್ಪಟ್ಟಿವೆ. ಅಗಲದ ಇಮ್ಮಡಿಯನ್ನು ಮೀರಿದ ಎತ್ತರಕ್ಕೆ ಅಲ್ಲಿ ಹೆಸರೇ ಇಲ್ಲ. ಇಂತಿಂಥವರಿಗೆ ಇಷ್ಟಿಷ್ಟು ನೆಲೆಗಳೆಂಬ ಪದವಿಭೇದವೂ ಶಿಲ್ಪಗ್ರಂಥಗಳಲ್ಲಿ ಉಂಟು. ಇದನ್ನು ಮುಚ್ಚಿಡುವುದು ಪಂಡಿತರಿಗೆ ತಕ್ಕುದಲ್ಲ. ನೆರೆಯ ಕೇರಳದೇಶದಲ್ಲಿ ಸಾಮಾನ್ಯ ಪ್ರಜೆಯು ಮನೆಗೆ ಹೆಂಚು ಹೊದಿಸುವುದಕ್ಕೂ ಅರಸನ ಅಪ್ಪಣೆಯನ್ನು ಬೇಡಬೇಕಾಗಿದ್ದಿತು. ಎತ್ತರವು ಅಲ್ಲಿ ಗೋಡೆಯ ಗುಣವಾಗಿರಲಿಲ್ಲ, ಹುಟ್ಟಿನ ಗುಣವಾಗಿದ್ದಿತು. ಶಾಸ್ತ್ರದಲ್ಲಿ ಗ್ರಾಹ್ಯವಾದುದು ಪ್ರಮಾಣದ ವಿಚಾರ. ಪದವಿಯ ವಿಚಾರವು ಸತ್ತುಹೋದುದೇ ಒಳ್ಳೆಯದಾಯಿತು.

ನೆರೆಯವನ ಹಕ್ಕನ್ನು ಕುರಿತು ಮಾತನಾಡುವುದು ವಾಸ್ತುಶಾಸ್ತ್ರವಲ್ಲ, ಅರ್ಥಶಾಸ್ತ್ರ ಮತ್ತು ಸ್ಮೃತಿಗಳು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳವರಿಗೆ ದೊರೆತು ೧೯೦೯ರಲ್ಲಿ ಮುದ್ರಿತವಾದ ಕೌಟಿಲ್ಯನ ಗ್ರಂಥದ ಮೂರನೆಯ ಅಧಿಕರಣದಲ್ಲಿ ಗೃಹವಾಸ್ತುಕವೆಂಬ ಪ್ರಕರಣವೊಂದಿದೆ. ನೆರೆಯವನ ಗೋಡೆಯಿಂದ ಎಷ್ಟು ದೂರದಲ್ಲಿ ಪಾಯವನ್ನು ತೆಗೆಯಬೇಕು, ಬಚ್ಚಲಿನ ನೀರು ಯಾವ ಕಡೆಗೆ ಹರಿಯಬೇಕು, ಒರಳು ಬೀಸುವ ಕಲ್ಲುಗಳನ್ನು ಎಲ್ಲಿ ಇಡಬೇಕು ಎಂಬುದೆಲ್ಲ ಅಲ್ಲಿ ದಂಡಸಹಿತವಾಗಿ ಹೇಳಲ್ಪಟ್ಟಿದೆ. ಎದುರುಮನೆಗೆ ಬಾಧೆಯಾಗುವಂತೆ ಬಾಗಿಲು ಕಿಟಕಿಗಳನ್ನು ಇಟ್ಟವನು ದಂಡಾರ್ಹನು. ರಾಜಮಾರ್ಗಕ್ಕೂ ರಥ್ಯೆಗೂ ಎದುರಾಗಿದ್ದರೆ ಮಾತ್ರ ದೋಷವಿಲ್ಲ. ಆದರೆ ಇಷ್ಟೆಲ್ಲ ಅಳತೆಗಳನ್ನು ಹೇಳಿದ ಮೇಲೆ ಮನೆಯೊಡೆಯರೆಲ್ಲರೂ ಕೂಡಿ ಒಪ್ಪಿದಲ್ಲಿ ಇಷ್ಟಬಂದಂತೆ ಕಟ್ಟಿಕೊಳ್ಳಬಹುದೆಂದೂ ಅನಿಷ್ಟವನ್ನು ಮಾತ್ರ ನಿವಾರಿಸಿಕೊಳ್ಳಬೇಕೆಂದೂ ಕೌಟಿಲ್ಯನು ವಿಕಲ್ಪವನ್ನು ಕೊಡುವನು. ಕಠಿನಹೃದಯನೆಂದು ಹೆಸರಾದ ಆ ಮಂತ್ರಿಯು ಬೀದಿಯ ಜನರ ಒಡಂಬಡಿಕೆಗೆ ಇಷ್ಟು ಬೆಲೆಯನ್ನು ಕೊಟ್ಟಿರುವುದು ಸ್ಮರಣೀಯವಾದುದು. ಕಾತ್ಯಾಯನನಾದರೋ ಮನೆಯ ಮೇಖಲೆ, ನೀರು ಹೊರಹೋಗುವ ದಾರಿ, ಮುಂಚಾಚು, ಗವಾಕ್ಷ, ಪ್ರಣಾಳಿ ಇವುಗಳಿಗೆ ನೆರೆಯವನು ಅಡ್ಡಿ ಮಾಡಬಾರದೆಂದು ವಿಧಿಸಿರುವನು. ಗವಾಕ್ಷವನ್ನು ಮುಚ್ಚಬಾರದೆಂದರೆ ಅದರ ಮುಂದೆ ಎತ್ತರದ ಗೋಡೆಯನ್ನು ಎಬ್ಬಿಸಬಾರದೆಂದೇ ಅರ್ಥವಾಗುವುದಷ್ಟೆ. ೧೮೮೨ರ ಅನುಭೋಗದ ಹಕ್ಕುಗಳ ಕಾಯಿದೆಯು ಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಮದರಾಸು, ಮಧ್ಯಪ್ರಾಂತ್ಯಗಳೊಡನೆ ಅರಕಲಗೂಡಿನ ನೆರೆಯ ಕೊಡಗೂ ಒಂದು. ಇಪ್ಪತ್ತು ವರ್ಷ ನಿರಾತಂಕವಾಗಿ ಅನುಭವಿಸಿದ ಬೆಳಕನ್ನು ನೆರೆಯವನು ತಡೆಯಬಾರದೆಂದು ಅದರಲ್ಲಿ ಹೇಳಿರುವುದನ್ನು ಕಾತ್ಯಾಯನನು ಕೇಳಿದ್ದರೆ ಹೊಸದೆಂದು ಆಶ್ಚರ್ಯಪಡುತ್ತಿರಲಿಲ್ಲ.

ಪಾಳೆಯಗಾರರ ಕಾಲದಲ್ಲಿ ಮತ್ತೊಂದು ಮಿತಿ ಸೇರಿಕೊಂಡಿತು. ಈ ನಾಲ್ಕು ಊರುಗಳಲ್ಲಿ ಮೂರು ಪಾಳೆಯಗಾರರ ಇಲ್ಲವೆ ಅವರ ಬಳಗದವರ ಠಾಣ್ಯಗಳು. ಕೊಳತೂರೆಂಬ ಹಳ್ಳಿಯು ಸುಮಾರು ೧೬೦೦ರ ಹೊತ್ತಿಗೆ ಹೊಳೆನರಸೀಪುರದ ಲಕ್ಷ್ಮಪ್ಪನಾಯಕನ ಕೈಸೇರಿ ಅವನ ಮಗನ ಹೆಸರಿನಿಂದ ಚನ್ನರಾಯಪಟ್ಟಣವಾಯಿತು. ಅಲ್ಲಿಯ ಕೋಟೆಯನ್ನು ಮುಂದೆ ಹೈದರಾಲಿಯು ಭದ್ರಪಡಿಸಿದನು. ಅರಕಲಗೂಡು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಕೃಷ್ಣಪ್ಪನಾಯಕನಿಂದ ಊರಾಯಿತು. ತೋಪು ಬಂದೂಕುಗಳ ಯುದ್ಧದಲ್ಲಿ ಕೋಟೆಯ ಗೋಡೆಯ ಮೇಲೆ ತಲೆಯೆತ್ತಿದ ಮನೆಯು ಶತ್ರುವಿಗೆ ಗುರಿಯಾಗುವುದು ಸಹಜ. ಕೋಟೆಯ ಹೊರಗೆ ಗೋಡೆಗೆ ಸಮೀಪವಾಗಿ ಎದ್ದ ಮಾಳಿಗೆಯು ಅದೇ ಶತ್ರುವಿಗೆ ಮೆಟ್ಟಲಾಗುವುದೂ ಸಹಜ. ಕೋಟೆಗಳು ಕೆಲಸಕ್ಕೆ ಬಾರದೆ ಹೋದ ಮೇಲೆ ಈ ಮಿತಿಯೂ ಅವುಗಳೊಡನೆಯೇ ಕರಗಿಹೋಯಿತು.

ಉಳಿದುದು ದೇವಾಲಯ. ಇಲ್ಲಿ ಹೊಯ್ಸಳರ ದೇವಾಲಯಗಳ ಒಂದು ವಿಶೇಷವನ್ನು ಮನಸ್ಸಿನಲ್ಲಿಡಬೇಕು. ತಂಜಾವೂರಿನ ವಿಮಾನವಾಗಲಿ ಮಧುರೆಯ ಗೋಪುರಗಳಾಗಲಿ ಊರಿನ ಮನೆಗಳ ನಡುವೆ ಎಷ್ಟೇ ಅಂತಸ್ತುಗಳು ಎದ್ದರೂ ಮುಚ್ಚಿಹೋಗುವಂಥವಲ್ಲ. ಹೊಯ್ಸಳ ಶಿಲ್ಪಿಯು ಎತ್ತರದಿಂದ ಗೆಲ್ಲಬಯಸಲಿಲ್ಲ. ಅಗಲವಾದ ಜಗತಿಯ ಮೇಲೆ ತನ್ನ ಕೆಲಸವನ್ನು ನೋಡುವವನ ಕಣ್ಣಿನ ಮಟ್ಟದಲ್ಲಿಯೇ ಹರಡಿದನು. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಕೇಶವಾಲಯದ ಇಟ್ಟಿಗೆ ಮರಗಳ ಶಿಖರವನ್ನು ಗರ್ಭಗೃಹದ ರಕ್ಷಣೆಗಾಗಿ ೧೮೭೯ರಲ್ಲಿ ಇಳಿಸಬೇಕಾಯಿತು. ಹಳೇಬೀಡಿನ ಹೊಯ್ಸಳೇಶ್ವರದ ಮೇಲೆ ಇಂದು ಶಿಖರಗಳಿಲ್ಲ. ಹಳ್ಳಿಗಳಲ್ಲಿರುವುವು ಇನ್ನೂ ಚಿಕ್ಕವು. ಕುಲ್ಲಹಣರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ೧೧೧೩ರ ಸುಮಾರಿನಲ್ಲಿ ಕಟ್ಟಿಸಿದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಾಲಯ, ಬೂಚಿರಾಜನು ೧೧೭೩ರಲ್ಲಿ ಕಟ್ಟಿಸಿದ ಕೋರವಂಗಲದ ಬೂಚೇಶ್ವರ, ಮೊಸಳೆಯ ನಾಗೇಶ್ವರ ಚೆನ್ನಕೇಶವರ ಜೋಡಿ ಗುಡಿಗಳು, ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ, ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕನು ೧೧೮೧ರಲ್ಲಿ ಶ್ರವಣಬೆಳಗೊಳದ ಊರೊಳಗೆ ಕಟ್ಟಿಸಿದ ಅಕ್ಕನ ಬಸದಿ, ಇವೆಲ್ಲವೂ ಮಾಳಿಗೆ ಮನೆಗಳ ನಡುವೆ ದೊಡ್ಡವಾಗಿ ತೋರಿದವು. ಆ ಮಾಳಿಗೆಗಳ ಸ್ಥಾನದಲ್ಲಿ ಮೂರು ಅಂತಸ್ತಿನ ಸಿಮೆಂಟಿನ ಮನೆ ಎದ್ದರೆ ಅದರ ನೆತ್ತಿಯ ನೀರಿನ ತೊಟ್ಟಿಯು ದೇವರ ಶಿಖರದೊಡನೆ ಸರಿಸಮನಾಗಿ ನಿಲ್ಲಬಲ್ಲದು. ಎಂಟುನೂರು ವರ್ಷ ದೇವಾಲಯಗಳನ್ನು ದೊಡ್ಡವಾಗಿ ಉಳಿಸಿದುದು ಹಳ್ಳಿಯವರ ಭಕ್ತಿಯೊಂದೇ ಅಲ್ಲ, ಮಣ್ಣಿನ ಗೋಡೆಯೂ ಹೌದು.

ಗೋಡೆಯ ಕೆಲಸವನ್ನು ಈಗ ಕಾಯಿದೆಯು ಮಾಡಬೇಕಾಗಿ ಬಂದಿದೆ. ೧೯೦೪ರ ಪ್ರಾಚೀನ ಸ್ಮಾರಕ ಸಂರಕ್ಷಣದ ಕಾಯಿದೆ, ಮೈಸೂರು ಸಂಸ್ಥಾನದ ೧೯೨೫ರ ರೆಗ್ಯುಲೇಷನ್, ಸ್ವಾತಂತ್ರ್ಯಾನಂತರದ ೧೯೫೮ರ ಕೇಂದ್ರ ಕಾಯಿದೆ ಇವು ಮುಖ್ಯವಾಗಿ ಸ್ಮಾರಕವನ್ನೇ ನೋಡಿಕೊಂಡವು. ನೆರೆಹೊರೆಯ ಮನೆಗಳನ್ನು ಗಟ್ಟಿಯಾಗಿ ಹಿಡಿದುದು ೧೯೯೨ರ ಜೂನ್ ೧೬ರ ಪ್ರಕಟಣೆ. ಅದನ್ನು ೨೦೧೦ರ ತಿದ್ದುಪಡಿಯು ಕಾಯಿದೆಯ ಅಂಗವಾಗಿ ಮಾಡಿತು. ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಎಲ್ಲ ದಿಕ್ಕುಗಳಲ್ಲಿಯೂ ನೂರು ಮೀಟರು ನಿಷೇಧಿತ ಪ್ರದೇಶ. ಅದರಾಚೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. ಒಟ್ಟು ಮುನ್ನೂರು ಮೀಟರು, ಸುಮಾರು ಸಾವಿರ ಅಡಿ. ಹಳ್ಳಿಯ ಲೆಕ್ಕದಲ್ಲಿ ಇದು ಬಹುಮಟ್ಟಿಗೆ ಊರೆಲ್ಲವೂ ಆಯಿತು.

ಈ ಕಾಯಿದೆಯ ಪರಿಭಾಷೆಯು ತರ್ಕಶಾಸ್ತ್ರವನ್ನು ಓದಿದವರಿಗೆ ರುಚಿಸುವಂಥದು. ‘ನಿರ್ಮಾಣ’ವೆಂದರೆ ಹೊಸ ಕಟ್ಟಡವಷ್ಟೇ ಅಲ್ಲ, ಇದ್ದ ಕಟ್ಟಡವನ್ನು ಅಡ್ಡಲಾಗಿಯಾಗಲಿ ಮೇಲ್ಮುಖವಾಗಿಯಾಗಲಿ ಬೆಳೆಸುವುದೂ ನಿರ್ಮಾಣವೇ. ‘ಪುನರ್ನಿರ್ಮಾಣ’ವೆಂದರೆ ಹಿಂದಿದ್ದ ಕಟ್ಟಡದ ಅಡ್ಡಳತೆ ಉದ್ದಳತೆಗಳೆರಡನ್ನೂ ಮೀರದಂತೆ ಮತ್ತೆ ಕಟ್ಟುವುದು. ‘ದುರಸ್ತಿ ನವೀಕರಣ’ಗಳೆಂದರೆ ಇವೆರಡೂ ಅಲ್ಲದ ಮಾರ್ಪಾಡು. ನಿಷೇಧಿತ ಪ್ರದೇಶದೊಳಗೆ ೧೯೯೨ರ ಜೂನ್ ೧೬ಕ್ಕೆ ಮೊದಲೇ ಇದ್ದ ಮನೆಯ ಒಡೆಯನು ದುರಸ್ತಿಗೂ ನವೀಕರಣಕ್ಕೂ ಅರ್ಜಿಯನ್ನು ಕೊಡಬಹುದು, ನಿರ್ಮಾಣಕ್ಕೆ ಅವಕಾಶವಿಲ್ಲ. ಮೀರಿ ನಡೆದರೆ ಎರಡು ವರ್ಷದವರೆಗೆ ಕಾರಾಗೃಹ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.

ಇದರ ಫಲವನ್ನು ಹಳ್ಳಿಯ ಗೃಹಸ್ಥನ ಕಡೆಯಿಂದ ನೋಡಬೇಕು. ಇಬ್ಬರು ಗಂಡುಮಕ್ಕಳುಳ್ಳ ರೈತನು ಹಿರಿಯ ಮಗನಿಗೆ ಮದುವೆಯಾದಾಗ ಹಿಂದೆ ಹಿತ್ತಿಲಿನಲ್ಲಿ ಒಂದು ಅಂಕಣವನ್ನು ಹೆಚ್ಚಾಗಿ ಇಳಿಸುತ್ತಿದ್ದನು. ಹಿತ್ತಿಲು ಪಾಲಾಗಿಹೋದ ಮೇಲೆ ಉಳಿದ ದಾರಿಯೆಂದರೆ ಮಹಡಿ. ದೇವಾಲಯಕ್ಕೆ ಬೆನ್ನುಮಾಡಿಕೊಂಡು, ಬೇರೆ ಮನೆಗಳ ಮರೆಯಲ್ಲಿ, ಜಗತಿಯ ಮೇಲಿಂದ ನೋಡಿದರೆ ಎಲ್ಲಿಯೂ ಕಾಣದಂತಿರುವ ಮನೆಗೂ ಮಹಾದ್ವಾರದ ಎದುರಿನ ಮನೆಗೂ ಕಾಯಿದೆಯು ಒಂದೇ ಉತ್ತರವನ್ನು ಕೊಡುತ್ತದೆ. ನೂರು ಮೀಟರಿನೊಳಗೆ ಎರಡು ಹಸ್ತದ ಗೋಡೆಯೂ ಇಪ್ಪತ್ತು ಹಸ್ತದ ಗೋಡೆಯೂ ಸಮಾನಾಪರಾಧಗಳು. ಇಂಥ ನಿಯಮವನ್ನು ಜನರು ಪಾಲಿಸುವುದಕ್ಕಿಂತ ತಪ್ಪಿಸಿಕೊಳ್ಳುವುದನ್ನೇ ಬೇಗ ಕಲಿಯುವರು. ರಾತ್ರಿಯಲ್ಲಿ ಎರೆದ ಛಾವಣಿಗೆ ಶಿಲ್ಪದೃಷ್ಟಿಯೂ ಇರುವುದಿಲ್ಲ, ನೆರೆಯವನ ಗವಾಕ್ಷದ ಯೋಚನೆಯೂ ಇರುವುದಿಲ್ಲ. ಆದರೂ ನಿಷೇಧವೇ ಇಲ್ಲದಿದ್ದರೆ ಈ ಗುಡಿಗಳ ಸುತ್ತ ಏನಾಗುತ್ತಿದ್ದಿತೆಂಬುದನ್ನು ಊಹಿಸಿದವರು ಕಾಯಿದೆಯನ್ನು ಸಂಪೂರ್ಣವಾಗಿ ನಿಂದಿಸಲಾರರು. ದೋಷವು ಸಂರಕ್ಷಣೆಯ ಉದ್ದೇಶದಲ್ಲಿಲ್ಲ. ಎತ್ತರದ ಪ್ರಶ್ನೆಗೆ ದೂರದ ಅಳತೆಯಿಂದ ಉತ್ತರವನ್ನು ಹೇಳಿರುವುದರಲ್ಲಿದೆ.

ಇದು ಸ್ಪಷ್ಟವಾಗಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಗಂಗರ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದೊಡ್ಡಬೆಟ್ಟದ ನೆತ್ತಿಯಲ್ಲಿ ಬಿಡಿಸಿದ ಗೊಮ್ಮಟಮೂರ್ತಿಯ ಎತ್ತರ ಸುಮಾರು ೫೮ ಅಡಿ. ಬೆಟ್ಟವು ಸುತ್ತಣ ಬಯಲಿನಿಂದ ಸುಮಾರು ೪೭೦ ಅಡಿ. ಬಯಲಿನಲ್ಲಿ ನಿಂತವನಿಗೆ ಮೂರ್ತಿಯ ಶಿರಸ್ಸು ಹೀಗೆ ೫೨೮ ಅಡಿಯ ಮೇಲಿದೆ. ಚನ್ನರಾಯಪಟ್ಟಣದ ಕಡೆಯಿಂದ ಬರುವ ಯಾತ್ರಿಕನು ಬೆಟ್ಟದಿಂದ ಎರಡು ಮೈಲಿ, ಎಂದರೆ ೧೦,೫೬೦ ಅಡಿ ದೂರದಲ್ಲಿರುವನೆಂದು ಇಟ್ಟುಕೊಳ್ಳೋಣ. ಅವನ ದೃಷ್ಟಿಯ ಗೆರೆಯು ಇಪ್ಪತ್ತು ಅಡಿಗೆ ಒಂದು ಅಡಿಯಂತೆ ಏರುತ್ತದೆ. ದಾರಿಯ ಪಕ್ಕದ ಹೊಲದಲ್ಲಿ ಮೂವತ್ತು ಅಡಿ ಎತ್ತರದ ಕಟ್ಟಡವೊಂದು ಎದ್ದರೆ, ನೋಡುವವನ ಕಣ್ಣಿನ ಮಟ್ಟವಾದ ಐದು ಅಡಿಯನ್ನು ಕಳೆದು ಉಳಿದ ಇಪ್ಪತ್ತೈದು ಅಡಿಯು ಅದರ ಹಿಂದೆ ಐನೂರು ಅಡಿಯವರೆಗೆ ಮೂರ್ತಿಯನ್ನು ಪೂರ್ತಿಯಾಗಿ ಮರೆಸುತ್ತದೆ. ಅದೇ ಕಟ್ಟಡವು ಬೆಟ್ಟದ ಬುಡದ ಹತ್ತಿರ, ಮೂರ್ತಿಯಿಂದ ಸಾವಿರ ಅಡಿಯೊಳಗೆ ಇದ್ದರೆ ದೃಷ್ಟಿಯ ಗೆರೆಯು ಎರಡಕ್ಕೆ ಒಂದರಂತೆ ಕಡಿದಾಗಿ ಏರುವುದರಿಂದ ಮರೆಯಾಗುವುದು ಐವತ್ತು ಅಡಿ ಮಾತ್ರ. ನಾಲ್ಕು ಹೆಜ್ಜೆ ಈಚೆಗೆ ಸರಿದರೆ ಗೊಮ್ಮಟನು ಮತ್ತೆ ಕಾಣುವನು. ಬೆಟ್ಟದ ಬುಡದವನನ್ನು ಕಾಯಿದೆಯು ಹಿಡಿದು ನಿಲ್ಲಿಸುತ್ತದೆ. ಎರಡು ಮೈಲಿ ದೂರದವನನ್ನು ಅದು ಕಾಣದು. ಬುಡದ ಕಟ್ಟಡದಿಂದ ಬೇರೆ ಬಗೆಯ ಹಾನಿಗಳು ಆಗಬಹುದು, ಅದನ್ನು ಅಲ್ಲಗಳೆಯುವಂತಿಲ್ಲ. ಬಂಡೆಗೂ ನೀರಿಗೂ ಊರಿನ ರೂಪಕ್ಕೂ ಸಂಬಂಧಪಟ್ಟ ಮಾತು ಅದು. ಆದರೆ ದೂರದಿಂದಲೇ ಕೈಮುಗಿಯುವಂತೆ ಬೆಟ್ಟದ ತುದಿಯಲ್ಲಿ ಮೂರ್ತಿಯನ್ನು ನಿಲ್ಲಿಸಿದವನ ಅಭಿಪ್ರಾಯವು ಎಲ್ಲಿ ಕೆಡುತ್ತದೆಯೋ ಅಲ್ಲಿ ಅಡ್ಡಿಯಿಲ್ಲ. ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕಕ್ಕೆ ಬರುವ ಜನಸಮೂಹಕ್ಕಾಗಿ ವಸತಿಗೃಹಗಳು ಬೆಳೆಯುವುದು ಸಹಜವಾಗಿ ಈ ದಾರಿಗಳ ಪಕ್ಕದಲ್ಲಿಯೇ.

ಇಳಿಜಾರಿನ ಅಳತೆಯು ರಾಜಶಾಸನಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಹಾಸನದ ಸಮೀಪದ ಬೂವನಹಳ್ಳಿಯಲ್ಲಿ ವಿಮಾನನಿಲ್ದಾಣಕ್ಕೆ ನೆಲ ಗೊತ್ತಾಗಿದೆ. ವಿಮಾನಗಳ ಕ್ಷೇಮಕ್ಕಾಗಿ ಸುತ್ತಣ ಕಟ್ಟಡಗಳ ಎತ್ತರವನ್ನು ಮಿತಗೊಳಿಸುವ ನಿಯಮಗಳು ೧೯೩೪ರ ವಿಮಾನ ಕಾಯಿದೆಯ ಮೇರೆಗೆ ೨೦೧೫ರಲ್ಲಿ ರಚಿತವಾದುವು. ಆ ಕಾಯಿದೆಯ ಸ್ಥಾನಕ್ಕೆ ೨೦೨೪ರ ಭಾರತೀಯ ವಾಯುಯಾನ ಅಧಿನಿಯಮವು ಬಂದಿದೆ. ದೊಡ್ಡ ರನ್‌ವೇಯ ನಿಲ್ದಾಣವಾದರೆ ಅಂತರರಾಷ್ಟ್ರೀಯ ಪದ್ಧತಿಯಂತೆ ನಾಲ್ಕು ಕಿಲೋಮೀಟರಿನ ವಲಯದಲ್ಲಿ ನಿಲ್ದಾಣದ ಮಟ್ಟದಿಂದ ೪೫ ಮೀಟರಿನ ಮೇಲೆ ಕಣ್ಣಿಗೆ ಕಾಣದ ಒಂದು ಛಾವಣಿಯನ್ನು ಕಲ್ಪಿಸಲಾಗುತ್ತದೆ. ಅಲ್ಲಿಂದಾಚೆಗೆ ಅದು ಇಪ್ಪತ್ತಕ್ಕೆ ಒಂದರಂತೆ ಏರುತ್ತ ಹೋಗುತ್ತದೆ. ಎತ್ತರವನ್ನು ಮನೆಯ ಅಂಗಳದಿಂದ ಎಣಿಸದೆ ಸಮುದ್ರಮಟ್ಟದಿಂದ ಎಣಿಸುವರು. ದಿಣ್ಣೆಯ ಮೇಲಿನವನಿಗೆ ಕಡಮೆ, ತಗ್ಗಿನವನಿಗೆ ಹೆಚ್ಚು. ಎರಡು ಮೈಲಿ ದೂರದಿಂದ ಗೊಮ್ಮಟನನ್ನು ನೋಡುವ ಕಣ್ಣಿನ ಏರಿಕೆಯೂ ಇಪ್ಪತ್ತಕ್ಕೆ ಒಂದೇ ಆಗಿರುವುದು ಕಾಕತಾಳೀಯ. ಆದರೆ ವಿಮಾನಕ್ಕೆ ಬಿಟ್ಟುಕೊಡುವ ಆಕಾಶದ ದಾರಿಯನ್ನು ಯಾತ್ರಿಕನ ಕಣ್ಣಿಗೆ ಬಿಟ್ಟುಕೊಡಲು ಗಣಿತದ ಅಡ್ಡಿಯೇನೂ ಇಲ್ಲವೆಂಬುದು ಇದರಿಂದ ತಿಳಿಯುತ್ತದೆ. ಲಂಡನ್ ನಗರದಲ್ಲಿ ಸೇಂಟ್ ಪಾಲ್ ದೇವಾಲಯದ ಗುಮ್ಮಟವು ಮರೆಯಾಗದಂತೆ ಇಂಥವೇ ಓರೆಯಾದ ಕಲ್ಪಿತ ತಲಗಳನ್ನು ಎಳೆದು ಮನೆಗಳ ಎತ್ತರವನ್ನು ನಿರ್ಣಯಿಸುವ ಪದ್ಧತಿಯು ೧೯೩೦ರ ದಶಕದ ಕೊನೆಯಿಂದಲೂ ನಡೆದುಬಂದಿದೆ.

ಊರಿನೊಳಗಣ ಸಾಮಾನ್ಯ ಮನೆಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಹಳ್ಳಿಯಲ್ಲಿ ಮನೆ ಕಟ್ಟುವುದಕ್ಕೆ ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ೬೪ನೆಯ ಪ್ರಕರಣದಂತೆ ಗ್ರಾಮಪಂಚಾಯತಿಯ ಲಿಖಿತ ಅನುಮತಿ ಬೇಕು. ಪಟ್ಟಣಗಳಲ್ಲಿ ೧೯೬೧ರ ನಗರ ಗ್ರಾಮಾಂತರ ಯೋಜನೆಯ ಕಾಯಿದೆಯೂ ಪುರಾಡಳಿತದ ಉಪವಿಧಿಗಳೂ ಅನ್ವಯಿಸುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಮನೆಯ ಎತ್ತರವು ಎದುರಿನ ಬೀದಿಯ ಅಗಲದ ಒಂದೂವರೆಯಷ್ಟಕ್ಕೆ ಮನೆಯ ಮುಂದೆ ಬಿಟ್ಟ ತೆರಪನ್ನು ಸೇರಿಸಿದುದನ್ನು ಮೀರಬಾರದೆಂದು ಸಲಹೆ ಮಾಡುತ್ತದೆ. ಅಗಸ್ಟಸ್ ಚಕ್ರವರ್ತಿಯು ರೋಮಿನ ಮನೆಗಳಿಗೆ ಎಪ್ಪತ್ತು ಅಡಿಯೆಂದು ಕಟ್ಟಿದಂತೆ ಎಲ್ಲರಿಗೂ ಒಂದೇ ಅಂಕೆಯನ್ನು ವಿಧಿಸದೆ ಅನುಪಾತವನ್ನು ವಿಧಿಸಿರುವುದರಿಂದ ಈ ಸಂಹಿತೆಯು ವರಾಹಮಿಹಿರನ ಗೋತ್ರಕ್ಕೆ ಸೇರಿದುದು. ಅವನು ಮನೆಯ ಅಗಲವನ್ನು ಹಿಡಿದನು, ಇದು ಬೀದಿಯ ಅಗಲವನ್ನು ಹಿಡಿಯಿತು. ಬೀದಿ ಎಲ್ಲರದ್ದಾದುದರಿಂದ ಇದೇ ಹೆಚ್ಚು ನ್ಯಾಯವೆಂದು ಹೇಳಬೇಕು. ಆದರೆ ಹೊಲದ ನಡುವೆ ಬಡಾವಣೆಯೆದ್ದು ಬೀದಿಯ ಅಗಲವು ನಕ್ಷೆಯಲ್ಲಿ ಮಾತ್ರ ಇರುವಲ್ಲಿ ಅನುಪಾತವೂ ನಕ್ಷೆಯಲ್ಲಿಯೇ ಉಳಿಯುವುದು.

ಸ್ಮಾರಕಗಳ ವಿಷಯದಲ್ಲಿ ದಾರಿಯು ಆ ಕಾಯಿದೆಯೊಳಗೇ ಅರ್ಧ ತೆರೆದಿದೆ. ಅದರ ೨೦-ಇ ಪ್ರಕರಣವು ಪ್ರತಿಯೊಂದು ಸಂರಕ್ಷಿತ ಸ್ಮಾರಕಕ್ಕೂ ಪ್ರತ್ಯೇಕವಾದ ಪಾರಂಪರಿಕ ಉಪವಿಧಿಗಳನ್ನು ತಜ್ಞಸಂಸ್ಥೆಗಳ ಸಮಾಲೋಚನೆಯಿಂದ ರಚಿಸಬೇಕೆಂದು ಹೇಳುತ್ತದೆ; ಕಟ್ಟಡಗಳ ಮುಖಭಾಗ, ಎತ್ತರದ ರೂಪ, ಚರಂಡಿ, ರಸ್ತೆಗಳು ಆ ಉಪವಿಧಿಗಳ ವಿಷಯಗಳು. ಬೇಲೂರು ಹಳೇಬೀಡುಗಳು ಸೋಮನಾಥಪುರದೊಡನೆ ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಸುತ್ತಣ ಅಳತೆಗೆ ಲೋಕವೆಲ್ಲ ಸಾಕ್ಷಿಯಾಗಿದೆ. ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ನುಗ್ಗೇಹಳ್ಳಿಗಳಿಗೆ ಅಂಥ ಸಾಕ್ಷಿಗಳಿಲ್ಲ. ಅಲ್ಲಿಯೇ ಎಚ್ಚರವು ಹೆಚ್ಚಾಗಿ ಬೇಕು. ಉಪವಿಧಿಗಳನ್ನು ಬರೆಯುವವರು ದೂರವನ್ನು ನೆಲದ ಮೇಲೆ ಅಳೆದು ತೃಪ್ತರಾಗದೆ, ಜಗತಿಯ ಮೇಲೆ ನಿಂತವನ ಕಣ್ಣಿನಿಂದಲೂ ಊರ ಬಾಗಿಲಿನಿಂದ ಶಿಖರವನ್ನು ನೋಡುವವನ ಕಣ್ಣಿನಿಂದಲೂ ಗೆರೆಗಳನ್ನು ಎಳೆದು, ಪ್ರತಿಯೊಂದು ಮನೆಗೂ ಇಷ್ಟು ಅಡಿಯೆಂದು ನಮೂದಿಸಿ, ಊರವರನ್ನು ಕೂಡಿಸಿ ಓದಿಹೇಳಿದರೆ ನಿಯಂತ್ರಿತ ಪ್ರದೇಶದ ಅನೇಕ ಮನೆಗಳಿಗೆ ಒಂದು ಮಹಡಿಯು ನಿರ್ಬಾಧವಾಗಿ ಸಲ್ಲುವುದು. ಕೆಲವಕ್ಕೆ ಈಗ ಇರುವುದಕ್ಕಿಂತ ಒಂದು ಇಟ್ಟಿಗೆಯೂ ಹೆಚ್ಚಾಗಿ ಸಲ್ಲದು. ಆದರೆ ಏಕೆ ಸಲ್ಲದೆಂಬುದು ಒಡೆಯನಿಗೆ ತನ್ನ ಅಂಗಳದಲ್ಲಿ ನಿಂತೇ ಕಾಣುವುದು. ನೂರು ಮೀಟರಿನೊಳಗಣ ಮನೆಗಳಿಗೆ ಇದೇ ಅಳತೆಯು ಸಲ್ಲಬೇಕಾದರೆ ಮೂಲಕಾಯಿದೆಯನ್ನೇ ತಿದ್ದಬೇಕಾಗುವುದು. ಅದಕ್ಕೆ ಮೊದಲು ಅಳತೆಯ ಕೆಲಸವು ಮುಗಿದಿರಬೇಕು. ಅಕ್ಕನ ಬಸದಿಯ ಎದುರಿನ ಬೀದಿಯೊಂದಕ್ಕೆ ಎರಡು ಗೂಟ, ಒಂದು ನೂಲು, ಅರ್ಧ ದಿನ ಸಾಕಾಗುತ್ತದೆ.